ನಾನು ಕಲಿಸಿದ ಬೆರಳಾಟ

ಎದುರಿಗೆ ಕೂತವರ ಮುಖದ ಮುಂದೆ ಎರಡು ಬೆರಳು ಹಿಡಿದು ಎಡಕ್ಕೂ ಬಲಕ್ಕೂ ಆಡಿಸಬೇಕು. ಅವರು ತಲೆ ಅಲ್ಲಾಡಿಸದೆ ಕಣ್ಣಿನಲ್ಲಷ್ಟೇ ಆ ಬೆರಳನ್ನು ಹಿಂಬಾಲಿಸಬೇಕು. ಹಾಗೆ ನೋಡುತ್ತಿರುವಾಗ ತಮ್ಮ ಬಾಳಿನ ಅತಿ ಕೆಟ್ಟ ಗಳಿಗೆಯನ್ನು ಮನಸ್ಸಿಗೆ ತಂದುಕೊಂಡಿರಬೇಕು. ಒಂದು ಸುತ್ತು ಮುಗಿದ ಮೇಲೆ ನಿಲ್ಲಿಸಿ, ‘ಈಗ ಏನು ಬಂತು?’ ಎಂದು ಕೇಳಬೇಕು. ಅವರು ಹೇಳಿದ್ದನ್ನು ಕೇಳಿಸಿಕೊಂಡು ಮತ್ತೆ ಬೆರಳಾಡಿಸಬೇಕು. ಹೀಗೆ ಮಾಡುತ್ತಾ ಹೋದರೆ ನೆನಪು ಉಳಿಯುತ್ತದೆ, ಅದರ ಉರಿ ಇಳಿಯುತ್ತದೆ. ಸುನಾಮಿ ಬಂದುಹೋದ ಮಾರನೆಯ ವರ್ಷ ಬೆಂಗಳೂರಿನಲ್ಲಿ ಕೆಲವು ದಿನ ಕೂರಿಸಿ ನನಗೆ ಕಲಿಸಿದ್ದು ಇಷ್ಟು. ಬೇರೆಯವರಿಗೆ ಕಲಿಸುವ ಮೊದಲು ಹಿರಿಯರ ಕಣ್ಣೆದುರು ಬಹಳ ಕಾಲ ಮಾಡಿ ಪಳಗಿರಬೇಕು ಎಂದೂ ಹೇಳಿದ್ದರು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಅಡಿಗೆರೆಯನ್ನೂ ಎಳೆದೆ, ಊರಿಗೆ ಬಂದ ಮೂರೇ ತಿಂಗಳಿಗೆ ತರಬೇತಿ ಕೊಡಲು ನಿಂತೆ.

ಹುಣಸೂರಿನಲ್ಲಿ ನಾನು ಕೆಲಸಕ್ಕಿದ್ದ ಸಣ್ಣ ಸಂಸ್ಥೆಗೆ ಅವಸರವಿತ್ತು. ನನಗೆ ಜಂಬವಿತ್ತು. ನಾಲ್ಕು ತಾಲ್ಲೂಕಿಗೆ ಈ ವಿದ್ಯೆ ಬಲ್ಲವಳು ನಾನೊಬ್ಬಳೇ ಅಂದುಕೊಂಡರೆ ಯಾರ ತಲೆ ತಾನೆ ನಿಲ್ಲುತ್ತದೆ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಹುಣಸೂರು ಎಲ್ಲ ಕಡೆಯಿಂದ ಸೇರಿ ಹನ್ನೊಂದು ಜನ ಹೆಂಗಸರು ಬಂದರು. ಹಳ್ಳಿಗಳಲ್ಲಿ ಆಪ್ತಸಮಾಲೋಚನೆ ಮಾಡಿಕೊಂಡಿದ್ದವರು. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಮನೆಯಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಗೂಡಿಗೆ ಸೌದೆ ಒಟ್ಟಿ ಒಟ್ಟಿ ನಿದ್ದೆಗೆಟ್ಟು ಬಂದಿದ್ದರು. ನನ್ನ ಬೆರಳನ್ನೇ ನೋಡುತ್ತಾ ಇಬ್ಬರು ಮೊದಲ ದಿನವೇ ನಿದ್ದೆ ಹೋದರು. ಚಿಕಿತ್ಸೆ ಫಲಿಸಿತು ಎಂದು ಉಳಿದವರು ಬಹಳ ಹೊತ್ತು ನಕ್ಕರು.

ಬೆಂಗಳೂರಿನವರು ಹೇಳಿಕೊಟ್ಟಂತೆ ಸಂಕಟವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯಬೇಕಿತ್ತು. ಅದು ನಮ್ಮ ಕಡೆ ನಡೆಯಲಿಲ್ಲ. ಹಳ್ಳಿಯ ಹೆಂಗಸರು ‘ನೀವೇ ಒಂದು ಹಾಕ್ಕಳಿ’ ಎಂದುಬಿಡುತ್ತಿದ್ದರು. ರಾವಂದೂರಿನಿಂದ ಬರುತ್ತಿದ್ದ ಒಬ್ಬಳು ಮನೆಯಿಂದ ಸೇರು, ಅಚ್ಚೇರು, ಪಾವು, ಚಟಾಕು ನಾಲ್ಕನ್ನೂ ಚೀಲದಲ್ಲಿ ತಂದು ಚಾಪೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟಳು. ನೋವು ಎಷ್ಟು ಎಂದರೆ ಯಾವುದಾದರೂ ಒಂದನ್ನು ಮುಟ್ಟಿ ತೋರಿಸಿದರೆ ಸಾಕು. ಹನ್ನೊಂದು ಜನರಲ್ಲಿ ಅವಳೇ ಚುರುಕು. ಬೆರಳಾಡಿಸುವುದಕ್ಕೂ ಅವಳೇ ಒಂದು ಉಪಾಯ ಹುಡುಕಿದಳು.

‘ಇದ್ಯಾಕೆ ಅಂತ ಕೇಳೇ ಕೇಳ್ತಾರೆ ಮೇಡಂ. ದೃಷ್ಟಿ ತೆಗುದಂಗೆ ಅಂದ್ಬುಡ್ತೀನಿ. ಗಪ್ಪಂತ ಒಪ್ಕತಾರೆ.’

ನಾನು ಎಲ್ಲರ ಮುಂದೆ ಅವಳನ್ನು ಹೊಗಳಿದೆ. ನೀವೆಲ್ಲರೂ ಹೀಗೇ ಹೇಳಿ ಎಂದೆ.

ಆ ವಾರವೇ ಹನಗೋಡಿನಿಂದ ಒಬ್ಬ ತಾಯಿ ಬಂದಳು. ಆಕೆ ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಎರಡು ಮಾರು ದೂರದಲ್ಲೇ ಆಡುತ್ತಿದ್ದ ದೊಡ್ಡ ಮಗಳು ಜಾರಿ ನೀರುಪಾಲಾಗಿದ್ದಳು. ಇನ್ನೂ ಮೂರು ತುಂಬದ ಚಿಕ್ಕವಳೊಬ್ಬಳು ಉಳಿದಿದ್ದಳು. ಅಂದಿನಿಂದ ಆ ಚಿಕ್ಕದರ ತಲೆಗೆ ನೀರು ಹಾಕಲು ತಾಯಿಗೆ ಆಗುತ್ತಿರಲಿಲ್ಲ. ಚೊಂಬು ಎತ್ತಿದರೆ ನೀರನ್ನು ನೆಲಕ್ಕೆ ಸುರಿದು ಎದ್ದುಹೋಗುತ್ತಿದ್ದಳು. ಮೀಯಿಸುವುದು, ತೊಳೆಯುವುದು ಎಲ್ಲ ಅತ್ತೆಯೇ. ಅತ್ತೆಗೆ ಸೊಂಟ ಬಿದ್ದುಹೋಗಿತ್ತು. ಸೊಸೆ ಸರಿಹೋಗದಿದ್ದರೆ ಮಗುವನ್ನು ಕೆ.ಆರ್. ನಗರದಲ್ಲಿರುವ ಅತ್ತೆಯ ಮಗಳ ಮನೆಗೆ ಕಳಿಸುವುದೇ ಸೈ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

‘ಮಗೀಗೆ ಒಂದ್ ಚೊಂಬು ನೀರು ಉಯ್ಯಂಗಾದ್ರೆ ಸಾಕು ಅಕ್ಕಾರೆ. ಇನ್ನೇನೂ ಬ್ಯಾಡ’ ಎಂದಳು.

ರಾವಂದೂರಿನವಳು ಎದುರಿಗೆ ಕೂತಳು. ತಪ್ಪಿದರೆ ತಿದ್ದಲು ನಾನು ಮೂಲೆಯಲ್ಲಿ ಕೂತೆ. ದೃಷ್ಟಿ ತೆಗೆದ ಹಾಗೆ ಎಂಬ ಮಾತು ಕೇಳಿದ್ದೇ ಆ ತಾಯಿ ಸೆರಗು ಸರಿಮಾಡಿಕೊಂಡು ಪೂರ್ವಕ್ಕೆ ತಿರುಗಿ ಕೂತಳು. ಮೊದಲು ಸೇರನ್ನು ಮುಟ್ಟಿದಳು. ಬೆರಳು ಆಡಿತು, ಕಣ್ಣು ಹಿಂಬಾಲಿಸಿತು. ಕಣ್ಣೀರು ಧಾರೆಯಾಗಿ ಇಳಿಯಿತು. ‘ಏನ್ ಬಂತವ್ವ?’ ಎಂದರೆ ತುಟಿ ಬಿಗಿಹಿಡಿದು ಏನೂ ಇಲ್ಲವೆಂದು ತಲೆಯಾಡಿಸಿದಳು. ಇನ್ನೊಂದು ಸುತ್ತು, ಮತ್ತೆ ಹಾಗೆಯೇ. ರಾವಂದೂರಿನವಳು ಅನುಮಾನದಿಂದ ನನ್ನ ಕಡೆ ನೋಡಿದಳು. ಮುಂದುವರಿಸು ಎಂದು ನಾನು ಕೈಸನ್ನೆ ಮಾಡಿದೆ. ಕೊನೆಗೆ ಆಕೆ ಕೈ ಚಾಚಿ ಚಟಾಕನ್ನು ಮುಟ್ಟಿದಳು. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಕಾಫಿ ಕೊಟ್ಟು ಕಳಿಸಿದೆವು. ಮಧ್ಯಾಹ್ನ ಉಳಿದ ಹತ್ತು ಜನರಿಗೂ, ಮಾಡಿದರೆ ಹೀಗೆ ಮಾಡಬೇಕು ಎಂದು ಪಾಠ ಹೇಳಿದೆ.

ಮುಂದಿನ ವಾರ ಆಕೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಾನೂ ರಾವಂದೂರಿನವಳೂ ಬಸ್ಸು ಹತ್ತಿ ಹನಗೋಡಿಗೆ ಹೋದೆವು. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಬನ್ನಿ ಎನ್ನಲಿಲ್ಲ.

‘ಅದೇನ್ ಮಾಡಿ ಕಳ್ಸುದ್ರೋ ಕಾಣೆ ಕಣವ್ವ. ಅವತ್ತಿಂದ ಮಗೀನ ಕಂಕುಳಿಂದ ಇಳಿಸ್ನಿಲ್ಲ. ಮೊಖ ತೊಳೆಯಾಕೂ ಬುಡ್ನಿಲ್ಲ. ಕುಡಿಯಾಕೆ ನೀರು ಕೊಟ್ರೆ ಲೋಟ ಕಿತ್ಕೊಂಡು ಎಸೆದ್ಳು. ಮೂರು ದಿನಕ್ಕೆ ಮಗೀಗೆ ಜ್ವರ ಬಂತು. ಮಗಳ ಮನೇಗೆ ಕಳಿಸ್ಬುಟ್ಟೋ.’

ತಾಯಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಎರಡು ವಾರಕ್ಕೆ ಅರ್ಧ ಆಗಿದ್ದಳು. ಅವತ್ತು ಏನೂ ಬರಲಿಲ್ಲ ಅಂದಿರಲ್ಲ ಎಂದು ರಾವಂದೂರಿನವಳು ಮೆಲ್ಲಗೆ ಕೇಳಿದಳು.

‘ಎಲ್ಲಾ ಬಂತು. ಅವಳ ಕೈ ಬಂತು. ಲಂಗ ಉಬ್ಬಿದ್ದು ಬಂತು. ದೃಷ್ಟಿ ತೆಗೆಯಾಗ ಕೂತೋರು ಬಾಯಿ ಬುಟ್ರೆ ತೆಗೆಯೋರ್ಗೆ ಅಂಟ್ಕತದಲ್ವಾ? ನಿಮಗೂ ಮಕ್ಕಳವೆ ಅಂದಿದ್ರಿ. ಅದ್ಕೇ ಹಲ್ಲು ಕಚ್ಕೊಂಡು ಕೂತಿದ್ದೆ.’

‘ಮತ್ತೆ ಚಟಾಕು ಮುಟ್ಟಿದ್ದು?’ ಎಂದು ನಾನು ಕೇಳಿದೆ.

‘ಕಮ್ಮಿ ಅಂದ್ರೆ ಬುಟ್ಬುಡ್ತೀರಿ ಅಂತ.’

ಒಳಗಿದ್ದುದನ್ನೆಲ್ಲ ಕೆದಕಿ ಮೇಲೆ ತಂದು, ಮುಚ್ಚದೆ, ಹಾಗೆಯೇ ಬಸ್ಸು ಹತ್ತಿಸಿ ಕಳಿಸಿದ್ದೆವು. ನಾನೇನು ಪರದೇಶದವಳಲ್ಲ. ಚಿಕ್ಕಂದಿನಲ್ಲಿ ಉಪ್ಪು ಮೆಣಸಿನಕಾಯಿ ನೀವಾಳಿಸುವಾಗ ನಾನು ಏನೋ ಕೇಳಹೋದರೆ ನಮ್ಮಜ್ಜಿ ಬಾಯಿ ಮುಚ್ಚಿಸುತ್ತಿದ್ದಳು. ಆ ನೇಮ ನನಗೆ ಗೊತ್ತಿತ್ತು. ಮಾತಿನಿಂದಲೇ ನಡೆಯಬೇಕಾದ ಚಿಕಿತ್ಸೆಗೆ ಮಾತಾಡಬಾರದ ಶಾಸ್ತ್ರದ ಹೆಸರಿಡುತ್ತಿದ್ದೇವೆ ಎಂದು ಮಾತ್ರ ಹೊಳೆಯಲಿಲ್ಲ. ರಾವಂದೂರಿನವಳು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದಳು. ತಪ್ಪು ನನ್ನದು, ನಿನ್ನದಲ್ಲ ಎಂದೆ. ಅವಳು ಮತ್ತೆ ತರಬೇತಿಗೆ ಬರಲಿಲ್ಲ.

ನಡೆದದ್ದನ್ನೆಲ್ಲ ಬರೆದು ಬೆಂಗಳೂರಿಗೆ ಕಳಿಸಿದೆ. ತರಬೇತಿ ತಕ್ಷಣ ನಿಲ್ಲಿಸಿ, ಆ ತಾಯಿಯನ್ನು ಮೈಸೂರಿನ ದೊಡ್ಡ ವೈದ್ಯರಿಗೆ ತೋರಿಸಿ ಎಂದು ಉತ್ತರ ಬಂತು. ತರಬೇತಿ ನಿಲ್ಲಿಸಿದೆ. ವೈದ್ಯರ ಮಾತಿಗೆ ಆಕೆ ಒಪ್ಪಲಿಲ್ಲ. ಯಾರ ಎದುರಿಗೂ ಕೂರುವುದಿಲ್ಲ ಎಂದಳು. ಬಲವಂತ ಮಾಡುವ ಮುಖ ನನಗೆ ಉಳಿದಿರಲಿಲ್ಲ. ಆದರೂ ವಾರಕ್ಕೊಮ್ಮೆ ಹೋಗಿ ಬಾಗಿಲಲ್ಲಿ ಕೂತು ಬರುತ್ತಿದ್ದೆ. ಒಂದು ಸಲ ತಾನಾಗಿಯೇ ಕೇಳಿದಳು.

‘ನೀವು ಕೆ.ಆರ್. ನಗರಕ್ಕೆ ಓಡಾಡ್ತೀರಲ್ಲ ಅಕ್ಕಾರೆ. ನಾಲೆ ಆ ಮನೇಗೆ ಎಷ್ಟ್ ದೂರ ಅದೆ, ನೋಡ್ಕೊಂಡ್ ಬನ್ನಿ. ಕೇಳುದ್ರೆ ಇವ್ರ್ಯಾರೂ ಯೋಳಕ್ಕಿಲ್ಲ.’

ಹೋದೆ. ಊರಾಚೆಗೆ ಹೊಸದಾಗಿ ಕಟ್ಟಿದ ಮನೆ. ಮಗು ಹಿತ್ತಿಲಲ್ಲಿ ಕೋಳಿಮರಿಗಳ ಹಿಂದೆ ಓಡಾಡುತ್ತಿತ್ತು. ತಲೆ ಬಾಚಿ, ಶುಭ್ರವಾದ ಫ್ರಾಕು ಹಾಕಿದ್ದರು. ಹಿತ್ತಿಲಿಗೆ ಬೇಲಿ ಇರಲಿಲ್ಲ. ಅದನ್ನು ದಾಟಿದರೆ ನಾಲೆ, ತುಂಬಿ ಹರಿಯುತ್ತಿತ್ತು. ಬೇಲಿ ಹಾಕಿಸಿ ಎಂದು ಮಗುವಿನ ಸೋದರತ್ತೆಗೆ ಹೇಳಿದೆ. ‘ನಮ್ ಮಕ್ಕಳೆಲ್ಲ ಇಲ್ಲೇ ಬೆಳುದ್ವು ಕಣ್ರೀ’ ಎಂದು ಆಕೆ ನಕ್ಕಳು.

ಮುಂದಿನ ವಾರ ಹನಗೋಡಿಗೆ ಹೋದಾಗ, ಮಗು ಚೆನ್ನಾಗಿದೆ, ನಾಲೆ ದೂರ ಇದೆ ಎಂದೆ.

‘ಎಷ್ಟ್ ಹೆಜ್ಜೆ?’

ಹಿತ್ತಿಲ ಬಾಗಿಲಿನಿಂದ ಇಪ್ಪತ್ತಾರು ಹೆಜ್ಜೆ.

‘ಎಣಿಸಲಿಲ್ಲ’ ಎಂದೆ.

‘ಎಣಿಸ್ದೆ ಬರೋರಲ್ಲ ನೀವು’ ಎಂದಳು.