ಚಿಟಿಕೆ ಪುಡಿಯ ಟೆಕ್ನೀಷಿಯನ್

ಮಣಿಪಾಲದ ನಮ್ಮ ಲ್ಯಾಬಿನಲ್ಲಿ ಲೇಸರ್ ಯಂತ್ರ ನೋಡಿಕೊಳ್ಳಲು ಟೆಕ್ನೀಷಿಯನ್ ಒಬ್ಬರು ಕುಕ್ಕುಂದೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಎರಡು ಅನಿಲಗಳು ಬೆರೆಯುವಲ್ಲಿಗೆ ಲೇಸರ್ ಕಿರಣ ಹಾಯಿಸಿದರೆ ಹೊಗೆಗಿಂತ ನವಿರಾದ ಬಿಳಿ ಸೆರಾಮಿಕ್ ಪುಡಿ ಹುಟ್ಟುತ್ತಿತ್ತು. ದಿನವಿಡೀ ದುಡಿದರೆ ಒಂದು ಚಿಟಿಕೆ. ಬಾಗಿಲಲ್ಲಿ ಯಾರ ತಲೆ ಕಂಡರೂ ಅವರು ಕೈ ಅಡ್ಡ ಹಿಡಿದು, "ಉಸಿರು ಮೆಲ್ಲ ಬಿಡಿ ಮಾರಾಯ್ರೆ" ಎನ್ನುತ್ತಿದ್ದರು. ತಮಗೇ ಸೀನು ಬಂದರೆ ಮೂಗು ಹಿಡಿದು ಹೊರಗಿನ ಮೆಟ್ಟಿಲವರೆಗೆ ಓಡುತ್ತಿದ್ದರು.

ಯೋಜನೆ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸಲು ಕಪ್ಪು ಕೋಟಿನ ಹಿರಿಯ ತಜ್ಞರೊಬ್ಬರು ಬಂದರು. ಕೊಟ್ಟ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, ಪುಡಿಯ ಬಾಟಲಿಯ ಮುಚ್ಚಳ ತೆಗೆದು ಬಗ್ಗಿದವರು ಜೋರಾಗಿ ಸೀನಿಬಿಟ್ಟರು. ಬಾಟಲಿ ಖಾಲಿ, ಕೋಟು ಬಿಳಿ. ತಜ್ಞರು ಕೊಡವಿಕೊಳ್ಳಲು ಕೈ ಎತ್ತಿದರು.

"ಅಲುಗಬೇಡಿ ಸಾರ್! ನಿಮ್ಮ ಮೇಲೆ ನಮ್ಮ ಮೂರು ತಿಂಗಳು ಉಂಟು!"

ಹಾಗೆ ಕೂಗಿದ ಟೆಕ್ನೀಷಿಯನ್, ತಜ್ಞರ ಮಾಸ್ಕನ್ನು ಮೇಲೇರಿಸಿ, ಮೆತ್ತನೆಯ ಬ್ರಷ್ಷು ತಂದು, ಅರ್ಧ ಗಂಟೆ ಕೋಟಿನ ಪುಡಿಯನ್ನು ಕಾಗದಕ್ಕೆ ಇಳಿಸಿದರು. ತಜ್ಞರು ಕೈ ಚಾಚಿ ಬೊಂಬೆಯಂತೆ ನಿಂತಿದ್ದರು.

"ಇದು ಇನ್ನು ಪರೀಕ್ಷೆಗೆ ಬರುತ್ತದೆಯೇ?" ಎಂದು ಮೆಲ್ಲನೆ ಕೇಳಿದರು.

"ಇಲ್ಲ ಸಾರ್. ಕೋಟಿನ ನೂಲು, ಧೂಳು ಎಲ್ಲ ಸೇರಿತಲ್ವಾ?"

"ಮತ್ತೆ ಯಾಕೆ ತೆಗೆದಿರಿ?"

"ಬಿಸಾಡ್ಲಿಕ್ಕೆ ಮನಸ್ಸು ಬರುವುದಿಲ್ಲ ಸಾರ್."

ತಜ್ಞರು ಬಗ್ಗಿ ಆ ಪುಡಿಯನ್ನು ನೋಡಿದರು. "ಪುನಃ ಮಾಡಲು ಎಷ್ಟು ಸಮಯ ಬೇಕು?"

"ಮೂರು ತಿಂಗಳು."

"ಒಂದು ವರ್ಷ ತೆಗೆದುಕೊಳ್ಳಿ" ಎಂದು ಅಲ್ಲೇ ನಿಂತು ಯೋಜನೆ ಮುಂದುವರಿಸುವ ಪತ್ರಕ್ಕೆ ಸಹಿ ಹಾಕಿದರು.