ಚಿಕ್ಕಮ್ಮನ ವಿ.ಪಿ.ಪಿ. ರೇಡಿಯೊ

ಮನೆಯಲ್ಲಿ ರೇಡಿಯೊ ಇರಲಿಲ್ಲವೆಂದಲ್ಲ. ಪಡಸಾಲೆಯ ಗೂಡಿನಲ್ಲಿ ಒಂದಿತ್ತು, ಅದು ಚಿಕ್ಕಪ್ಪನದು. ವಾರ್ತೆ, ಪೇಟೆ ಧಾರಣೆ ಮುಗಿದ ಕೂಡಲೇ ಸೆಲ್ಲು ಸವೆಯುತ್ತದೆಂದು ಅದನ್ನು ಆರಿಸಿ ತೋಟಕ್ಕೆ ಹೊರಡುತ್ತಿದ್ದರು. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಕೂತ ಚಿಕ್ಕಮ್ಮನಿಗೆ ಗೋಡೆಯಾಚೆಯಿಂದ ಅರ್ಧ ಹಾಡು ಕೇಳಿಸಿದರೆ ಅದೇ ಹೆಚ್ಚು. ಉಳಿದರ್ಧವನ್ನು ತಾವೇ ತಪ್ಪುತಪ್ಪಾಗಿ ಗುನುಗಿಕೊಳ್ಳುತ್ತಿದ್ದರು.

ಎಂ.ಎ. ಪರೀಕ್ಷೆ ಮುಗಿಸಿ ಮೈಸೂರಿನಿಂದ ಬಂದ ನಾನು ಅವರಿಗೆ ವಾರಪತ್ರಿಕೆಯ ಜಾಹೀರಾತೊಂದನ್ನು ಓದಿ ಹೇಳಿದೆ. ಮೂರು ಬ್ಯಾಂಡಿನ ಟ್ರಾನ್ಸಿಸ್ಟರು, ಚರ್ಮದ ಕವರು. ಕಾರ್ಡು ಬರೆದರೆ ಸಾಕು, ವಿ.ಪಿ.ಪಿ. ಪಾರ್ಸೆಲ್ ಮನೆ ಬಾಗಿಲಿಗೆ ಬರುತ್ತದೆ, ಹಣವನ್ನು ಅಂಚೆಯವನ ಕೈಗೆ ಕೊಡಬೇಕು. ಚಿಕ್ಕಮ್ಮ ಆ ಚಿತ್ರವನ್ನು ಕತ್ತರಿಸಿ ಸಾಸಿವೆ ಡಬ್ಬಿಯ ಕೆಳಗಿಟ್ಟರು. ತುಪ್ಪ ಮಾರಿದ ದುಡ್ಡು ಅವರದೇ ಆದ್ದರಿಂದ ಚಿಕ್ಕಪ್ಪ ಬೇಡವೆನ್ನಲಿಲ್ಲ, ಒಂದು ಷರತ್ತು ಹಾಕಿದರು ಅಷ್ಟೆ.

"ತರ್ಸ್ಕೊ. ಮೋಸ ಆದ್ರೆ ಮಾತ್ರ ಇದೇ ಮೊದ್ಲು, ಇದೇ ಕೊನೆ. ಆಮೇಲೆ ರೇಡಿಯ ಅಂತ ಬಾಯಿ ಬುಡಬಾರ್ದು."

ಕಾರ್ಡನ್ನು ಚಿಕ್ಕಮ್ಮನ ಹೆಸರಿನಲ್ಲೇ ಬರೆದೆ. ಅವರ ಹೆಸರಿಗೆ ಟಪಾಲು ಬಂದದ್ದು ಅದೇ ಮೊದಲು. ಪಾರ್ಸೆಲ್ ಬಂದ ದಿನ ಚಿಕ್ಕಪ್ಪ ಕೊಬ್ಬರಿಯನ್ನು ಮಂಡಿಗೆ ಹಾಕಲು ತಿಪಟೂರಿಗೆ ಹೋಗಿದ್ದರು. ಅಂಚೆಯವನು ಜಗಲಿಯ ಮೇಲೆ ಪೆಟ್ಟಿಗೆಯಿಟ್ಟು, ಹಣ ಕೊಡುವವರೆಗೆ ದಾರ ಬಿಚ್ಚುವಂತಿಲ್ಲ ಎಂದ. ಚಿಕ್ಕಮ್ಮ ಅಲ್ಲೇ ಕೂತಿದ್ದ ಅಜ್ಜಿಯ ಮುಖ ನೋಡಿದರು. ಅಜ್ಜಿ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ನಮ್ಮ ಕಡೆ ಇದು ಎಲ್ಲರಿಗೂ ಅಭ್ಯಾಸ. ಅಟ್ಟದ ಮೇಲೆ ಹಾಕಿದ ಕಾಯಿ ವರ್ಷದ ಹತ್ತಿರ ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾದಾಗ, ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಶಬ್ದ ಬಂತೆಂದರೆ ಮಾಲು ಗಟ್ಟಿ. ಪೆಟ್ಟಿಗೆಯೊಳಗೂ ಏನೋ ಲೊಟಲೊಟ ಎಂದಿತು.

"ಚೆನ್ನಾಗೈತೆ ಕಣೇ, ಈಸ್ಕೊ," ಎಂದರು ಅಜ್ಜಿ.

ಶಬ್ದ ನನಗೂ ಕೇಳಿಸಿತ್ತು, ನನಗೂ ಅದು ಒಳ್ಳೆಯ ಲಕ್ಷಣವಾಗಿಯೇ ತೋರಿತು. ಹುಟ್ಟಿದಾಗಿನಿಂದ ಕಿವಿ ಕಲಿತದ್ದನ್ನು ಮೈಸೂರು ಮರೆಸಿರಲಿಲ್ಲ. ಚಿಕ್ಕಮ್ಮ ಹಣ ಕೊಟ್ಟರು, ಅಂಚೆಯವನು ಸೈಕಲ್ಲು ಹತ್ತಿದ.

ಬಿಚ್ಚಿದಾಗ ಚಿತ್ರದಲ್ಲಿದ್ದುದರ ಅರ್ಧದಷ್ಟೂ ಇಲ್ಲದ ಪ್ಲಾಸ್ಟಿಕ್ ಡಬ್ಬಿ ಹೊರಬಂತು. ಬ್ಯಾಂಡು ಒಂದೇ. ಚರ್ಮದ ಕವರು ಇರಲೇ ಇಲ್ಲ. ಲೊಟಲೊಟ ಎಂದದ್ದು ಕಳಚಿ ಬಿದ್ದ ಸ್ಪೀಕರು. ಸೆಲ್ಲು ಹಾಕಿ ತಿರುಗಿಸಿದರೆ ಉಸಿರೂ ಇಲ್ಲ. ಚಿಕ್ಕಮ್ಮ ಅಳಲಿಲ್ಲ. ಸಾಸಿವೆ ಡಬ್ಬಿ ಎತ್ತಿ, ಚಿತ್ರ ತಂದು ಆ ರೇಡಿಯೊದ ಪಕ್ಕದಲ್ಲಿಟ್ಟು, ಒಂದನ್ನು ನೋಡಿ ಇನ್ನೊಂದನ್ನು ನೋಡಿದರು. ಸಂಜೆ ಚಿಕ್ಕಪ್ಪ ಬಂದರೆ ಮುಗಿಯಿತು.

ಆಗ ನನಗೆ ಕಾಲೇಜಿನಲ್ಲಿ ಕೇಳಿದ ಒಂದು ಉಪನ್ಯಾಸ ನೆನಪಾಯಿತು. ಬಳಕೆದಾರರಿಗೆಂದೇ ಹೊಸ ಕಾನೂನು ಬಂದಿದೆ, ಹೇಳಿದ್ದೊಂದು ಕಳಿಸಿದ್ದೊಂದು ಆದರೆ ಕೇಳುವ ಹಕ್ಕಿದೆ ಎಂದಿದ್ದರು. ವಿ.ಪಿ.ಪಿ.ಯಲ್ಲಿ ಮೋಸವಾದರೆ ಹಣ ಕಳಿಸಿದವರ ಕೈ ಸೇರುವ ಮೊದಲೇ ಅಂಚೆ ಕಚೇರಿಗೆ ದೂರು ಕೊಡಬೇಕೆಂದೂ ಹೇಳಿದ್ದರು. ನಮ್ಮೂರಿನ ಟಪಾಲು ಚೀಲ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿತ್ತು. ಬಸ್ಸು ಹಿಂದಿನ ಊರು ಶೆಟ್ಟಿಕೆರೆಯನ್ನು ಬಿಟ್ಟಿರುವ ಹೊತ್ತು ಅದು.

"ಹಣ ಇನ್ನೂ ಊರಲ್ಲೇ ಇದೆ ಚಿಕ್ಕಮ್ಮ," ಎಂದೆ. "ಆದರೆ ನಿಮ್ಮ ಹೆಸರಿಗೆ ಬಂದದ್ದು, ನೀವೇ ಬರಬೇಕು."

ಅವರು ರೇಡಿಯೊ ಡಬ್ಬಿಯನ್ನೂ ಚಿತ್ರವನ್ನೂ ಸೆರಗಿನಲ್ಲಿ ಸುತ್ತಿಕೊಂಡು ನನಗಿಂತ ಮೊದಲೇ ಅಂಗಳ ದಾಟಿದರು. ಬೀದಿಯಲ್ಲಿ ಹೋದರೆ ಕೇಳಿದವರಿಗೆಲ್ಲ ಉತ್ತರ ಹೇಳಬೇಕಾಗುತ್ತಿತ್ತು. ತೋಟದೊಳಗಿಂದ ಬದು ಹಾರುತ್ತ, ಬಿದ್ದ ಗರಿಗಳನ್ನು ದಾಟುತ್ತ ಓಡಿದೆವು. ಚಿಕ್ಕಮ್ಮ ಓಡಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ.

ಪೋಸ್ಟ್ ಮೇಷ್ಟ್ರು ತಮ್ಮ ಮನೆಯ ಮುಂಗೋಣೆಯಲ್ಲೇ ಕಚೇರಿ ನಡೆಸುತ್ತಿದ್ದರು. ಚೀಲದ ಬಾಯಿಗೆ ದಾರ ಸುತ್ತುತ್ತಿದ್ದವರು ತಲೆಯೆತ್ತಿ, "ಏನ್ರಕ್ಕಾ, ಈ ಪಾಟಿ ಏದುಸ್ರು?" ಎಂದರು. ನಾನು ವಿಷಯ ಹೇಳಿದೆ. ಅವರು ಒಪ್ಪಲಿಲ್ಲ. ಬಿಡಿಸಿಕೊಂಡ ಮೇಲೆ ಪಾರ್ಸೆಲ್ ನಿಮ್ಮದು, ಅಂಚೆಯವರಿಗೆ ಸಂಬಂಧವಿಲ್ಲ ಎಂದರು. ನಾನು ಕಾನೂನು ಎಂದೆ. ಅವರು ಮೇಲಿನವರ ಆರ್ಡರ್ ಎಂದರು. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

ಯಾವಾಗಲೂ ಗಂಡಸರೆದುರು ಬಾಗಿಲ ಮರೆಯಲ್ಲೇ ಮಾತಾಡುತ್ತಿದ್ದ ಚಿಕ್ಕಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಚಿತ್ರವನ್ನು ಹರಡಿದರು.

"ನೀವೂ ಕೊಬ್ರಿ ಹಾಕೋರೇ ಅಲ್ವಾ ಮೇಷ್ಟ್ರೇ? ಮಂಡಿಲಿ ಸಾವ್ಕಾರ್ರು ಮೂಟೆ ಬಿಚ್ಚಿ, ಸುರುದು ನೋಡ್ದೆ ದುಡ್ಡು ಕೊಡ್ತಾರಾ?"

"ಅದೆಂಗ್ ಕೊಟ್ಟಾರಕ್ಕಾ. ಒಂದು ಕೌಟು ಕೊಬ್ರಿ ಸಿಕ್ರೂ ಬೆಲೆ ಮುರೀತಾರೆ."

"ಮತ್ತೆ ನಾನೊಬ್ಳೇ ಯಾಕೆ ಕಣ್ಣು ಮುಚ್ಕೊಂಡು ಕೊಡ್ಲಿ?"

ಮೇಷ್ಟ್ರು ಡಬ್ಬಿ ಎತ್ತಿ ಅಲ್ಲಾಡಿಸಿ ನೋಡಿದರು. ಚಿತ್ರ ನೋಡಿದರು. ಆಮೇಲೆ ಚೀಲಕ್ಕೆ ಸುತ್ತಿದ ದಾರವನ್ನು ಬಿಚ್ಚತೊಡಗಿದರು. ದೂರನ್ನು ತಾಲ್ಲೂಕಿನ ಕಚೇರಿಗೆ ಕಳಿಸುತ್ತೇನೆ, ಅಲ್ಲಿಂದ ಆರ್ಡರ್ ಬರುವವರೆಗೆ ಹಣ ತಡೆಯಲು ಬರೆಯುತ್ತೇನೆ, ಮುಂದಿನದು ಅವರಿಗೆ ಬಿಟ್ಟದ್ದು ಎಂದರು. ನಾನು ನಿಂತಲ್ಲೇ ಬರೆದೆ, ಚಿಕ್ಕಮ್ಮ ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದರು. ಡ್ರೈವರು ಹೊರಗೆ ಹಾರನ್ನು ಒತ್ತಿಯೇ ಹಿಡಿದಿದ್ದ.

ಚಿಕ್ಕಪ್ಪ ಸಂಜೆ ಎಲ್ಲವನ್ನೂ ಕೇಳಿ, ದುಡ್ಡು ವಾಪಸ್ ಬಂದಾಗ ಮಾತಾಡೋಣ ಎಂದರು. ಕಂಪನಿಗೂ ರಿಜಿಸ್ಟರ್ ಪತ್ರ ಹೋಯಿತು. ಹಣ ತಡೆಹಿಡಿದದ್ದು ತಿಳಿದ ಮೇಲೆ ಅವರಿಂದ ಉತ್ತರ ಬಂತು: ಕಣ್ತಪ್ಪಾಗಿದೆ, ಬದಲಿ ಸೆಟ್ಟು ಕಳಿಸುತ್ತೇವೆ, ದೂರನ್ನು ಹಿಂತೆಗೆದುಕೊಳ್ಳಿ. ಸೆಟ್ಟು ಬಂದು ಹಾಡಿದ ಮೇಲೆ ಹಿಂತೆಗೆದುಕೊಳ್ಳುತ್ತೇವೆಂದು ಬರೆಯಲು ಚಿಕ್ಕಮ್ಮ ಹೇಳಿದರು. ಹಾಗೆಯೇ ಬರೆದೆ.

ಬದಲಿ ಪಾರ್ಸೆಲ್ಲನ್ನು ಅವರು ಮನೆಗೆ ತರಿಸಿಕೊಳ್ಳಲಿಲ್ಲ. ನನ್ನನ್ನೂ ಕರೆದುಕೊಂಡು ಅಂಚೆಮನೆಗೆ ತಾವೇ ಹೋಗಿ ಮೇಷ್ಟ್ರ ಮೇಜಿನ ಮೇಲೆ ಬಿಚ್ಚಿದರು. ಮೂರು ಬ್ಯಾಂಡು, ಚರ್ಮದ ಕವರು. ಸೆಲ್ಲು ಹಾಕಿ ತಿರುಗಿಸಿದ ಕೂಡಲೇ ಹೆಣ್ಣುದನಿಯೊಂದು ಹಾಡಿನ ನಡುವಿನಿಂದ ಎದ್ದು ಬಂದು ಕೋಣೆಯನ್ನು ತುಂಬಿತು. ಮೇಷ್ಟ್ರು ಸೀಲು ಒತ್ತುವುದನ್ನು ಬಿಟ್ಟು ನಕ್ಕರು. ಮನೆಗೆ ಹೋಗಿ ಹಾಕಿಕೊಳ್ಳೋಣ, ಈಗ ಆರಿಸಿ ಎಂದೆ.

"ಹಾಡು ಮುಗೀಲಿ ಕಣೇ," ಎಂದರು ಚಿಕ್ಕಮ್ಮ.

ಈ ಸಲ ಅವರು ತೋಟದ ದಾರಿ ಹಿಡಿಯಲಿಲ್ಲ. ರೇಡಿಯೊವನ್ನು ಹೆಗಲಿಗೆ ಹಾಕಿ, ದನಿ ಇನ್ನಷ್ಟು ಏರಿಸಿ, ಊರಿನ ನಡುಬೀದಿಯಲ್ಲೇ ಹೊರಟರು. ಹೆಂಗಸರು ಬಾಗಿಲಿಗೆ ಬಂದರು. ಒಂದು ಹಾಡು ಮುಗಿದು ಇನ್ನೊಂದು ಶುರುವಾದರೂ ನಾವಿನ್ನೂ ಮನೆ ಮುಟ್ಟಿರಲಿಲ್ಲ, ಅವರಿಗೆ ಅವಸರವೂ ಇರಲಿಲ್ಲ.