ಕೈ ತೊಳೆಯುವ ಕೋಣೆ

ಹೊಸ ಮೇಡಂ ಕಾಲಿಟ್ಟ ದಿನವೇ ದೊಡ್ಡಮ್ಮನ ಬಾಯಿಗೆ ಬೀಗ ಬಿತ್ತು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದೊಯ್ಯುವ ಮನೆ ಅದು. ಅಲ್ಲಿ ಆಯಾ ಆಗಿ ದೊಡ್ಡಮ್ಮ ಎಷ್ಟು ಮಕ್ಕಳ ಮೂಗು ಒರೆಸಿದ್ದಾಳೋ ಅವಳಿಗೇ ನೆನಪಿಲ್ಲ. ಮಕ್ಕಳಿಗೆ, ಅಡುಗೆಯವನಿಗೆ, ಗೇಟು ಕಾಯುವವನಿಗೆ, ಎಲ್ಲರಿಗೂ ಅವಳು ದೊಡ್ಡಮ್ಮನೇ.

"ಇನ್ಮೇಲೆ ಮಕ್ಕಳು ನಿಮ್ಮನ್ನ ಮ್ಯಾಮ್ ಅನ್ಬೇಕು," ಎಂದರು ಮೇಡಂ. "ಅವರ ಹತ್ರ ಬರೀ ಇಂಗ್ಲಿಷ್. ಪೇರೆಂಟ್ಸ್ ಇಲ್ಲಿಗೆ ಸೇರಿಸೋದೇ ಅದಕ್ಕೆ. ಮನೆಮಾತು ಒಂದೇ ಒಂದು ಕೇಳಿಸಿದ್ರೂ ನಾನು ಸುಮ್ನಿರಲ್ಲ."

ಕೇಳಿಸದ ಹಾಗೆ ಮಾತಾಡೋಣವೆಂದರೆ ಜಾಗವೆಲ್ಲಿದೆ? ಆಟದ ಕೋಣೆ, ಮಲಗುವ ಕೋಣೆ, ಬಾಗಿಲ ಪಡಸಾಲೆ, ಎಲ್ಲೆಲ್ಲೂ ಸೂರಿನ ಮೂಲೆಯಲ್ಲೊಂದು ಕ್ಯಾಮೆರಾ. ತಾಯಂದಿರು ಆಫೀಸಿನಲ್ಲಿ ಕೂತಲ್ಲೇ ಫೋನು ತೆರೆದು ಮಗುವನ್ನು ನೋಡುತ್ತಾರೆ, ಮಾತೂ ಕೇಳಿಸಿಕೊಳ್ಳುತ್ತಾರೆ. ಎಂಥಾ ಕಾಲ ಬಂತಪ್ಪಾ! ಅಷ್ಟು ನೋಡುವವರು ಒಂದು ದಿನ ರಜೆ ಹಾಕಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಾರದೇ ಎಂದು ದೊಡ್ಡಮ್ಮನಿಗೆ ಅನ್ನಿಸುತ್ತಿತ್ತು. ಬಾಯಿಬಿಟ್ಟು ಅಂದರೆ ಕೆಲಸ ಹೋಗುತ್ತದೆ, ಆ ಮಾತು ಬೇರೆ. ಈ ವಯಸ್ಸಿನಲ್ಲಿ ಅವಳಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

ದೊಡ್ಡಮ್ಮನ ಮಗಳು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಏಗಿ ಏಗಿ ಇಂಗ್ಲಿಷು ಪಳಗಿಸಿಕೊಂಡವಳು. ಸಂಜೆ ತರಕಾರಿ ಹೆಚ್ಚುತ್ತಲೇ ಅಮ್ಮನಿಗೆ ಪಾಠ ಶುರು ಮಾಡಿದಳು.

"ಲೈಟ್ ಹಾಕು ಅನ್ನೋಕೆ ಏನಂತೀಯ?"

"ಪುಟ್ ಲೈಟ್."

"ಅಲ್ಲಮ್ಮ, ಟರ್ನ್ ಆನ್ ದ ಲೈಟ್. ಬಾಗಿಲು ಹಾಕು?"

"ಟರ್ನ್ ಆನ್ ಡೋರ್."

"ಅಯ್ಯೋ! ಶಟ್ ದ ಡೋರ್. ಶೂ ಹಾಕ್ಕೋ?"

"ಶಟ್ ದ ಶೂ," ಎಂದಳು ದೊಡ್ಡಮ್ಮ ಧೈರ್ಯವಾಗಿ. ಮಗಳು ಚಾಕು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪುಟ್ ಆನ್ ಯುವರ್ ಶೂಸ್ ಅನ್ಬೇಕು."

"ಮೊದಲೇ ಪುಟ್ ಅಂದ್ನಲ್ಲೇ, ಆಗ ಬೇಡ ಅಂದೆ!"

ಪಾಪ, ಅವಳ ತಪ್ಪಾದರೂ ಏನು? ಒಂದು 'ಹಾಕು' ಹಿಡಿದುಕೊಂಡು ದೀಪ, ಬಾಗಿಲು, ಚಪ್ಪಲಿ, ಜಡೆ, ಸಹಿ, ಲೆಕ್ಕವಿಲ್ಲದಷ್ಟು ಕೆಲಸ ತೂಗಿಸಿ ಸಂಸಾರ ಮಾಡಿದವಳು. ಔಷಧಿಯನ್ನು ಡ್ರಿಂಕ್ ಅನ್ನದೆ ಟೇಕ್ ಅನ್ನಬೇಕು ಎಂದಾಗ ಅವಳಿಗೆ ರೇಗಿಯೇ ಹೋಯಿತು. ಆದರೂ ಬಿಡಲಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಬಾಯಿಪಾಠ ಮಾಡಿದಳು. ಸಿಟ್ ಡೌನ್. ವೇಕ್ ಅಪ್. ಡೋಂಟ್ ಪುಶ್. ವಾಶ್ ಯುವರ್ ಹ್ಯಾಂಡ್ಸ್. ಮೇಡಂ ಒಂದು ದಿನ "ವೆರಿ ಗುಡ್" ಅಂದುಬಿಟ್ಟರು. ದೊಡ್ಡಮ್ಮ ಆ ಸಂಜೆ ನೆಲದ ಮೇಲೆ ಕಾಲಿಟ್ಟೇ ನಡೆಯಲಿಲ್ಲ.

ಎಡವಟ್ಟು ಗೊತ್ತಾಗಿದ್ದು ಗುಂಡಮ್ಮ ಬಿದ್ದಾಗ. ಗುಂಡಮ್ಮ ಅಂದರೆ ಮೂರು ವರ್ಷದ ಒಂದು ಹುಡುಗಿ; ಆ ಕೆನ್ನೆ ನೋಡಿ ದೊಡ್ಡಮ್ಮನೇ ಇಟ್ಟ ಹೆಸರು. ಆಟದ ಮೆಟ್ಟಿಲಿನಿಂದ ಜಾರಿ ಮೊಣಕಾಲು ತರಚಿಕೊಂಡು ಸೂರು ಹಾರಿಹೋಗುವಂತೆ ಕಿರುಚಿದಳು. ದೊಡ್ಡಮ್ಮ ಓಡಿದಳು, ಬಾಯಿ ತೆರೆದಳು, ಮೇಲಿನ ಕ್ಯಾಮೆರಾ ಕಂಡಿತು. "ಡೋಂಟ್ ಕ್ರೈ," ಎಂದಳು. ಮಗು ಅವಳ ಮುಖವನ್ನೇ ನೋಡಿ ಇನ್ನೂ ಜೋರಾಗಿ ಅತ್ತಿತು. ಅಳಬೇಡ ಎಂದು ಗದರಿಸಿದ ಹಾಗಾಯಿತಲ್ಲ! ಕಲಿತದ್ದೆಲ್ಲ ನೆನಪಿಸಿಕೊಂಡಳು. ಕೂರು, ಏಳು, ತಿನ್ನು, ತಳ್ಳಬೇಡ. ಎಲ್ಲಾ ಅಪ್ಪಣೆಗಳೇ. ಬೇರೆ ಏನೂ ತೋಚದೆ "ವಾಶ್ ಯುವರ್ ಹ್ಯಾಂಡ್ಸ್" ಎಂದು ಮಗುವನ್ನೆತ್ತಿಕೊಂಡು ಬಚ್ಚಲಿಗೆ ನಡೆದಳು.

ಕಕ್ಕಸೂ ಅಲ್ಲೇ ಇದ್ದುದರಿಂದ ಆ ಮನೆಯಲ್ಲಿ ಕ್ಯಾಮೆರಾ ಇಲ್ಲದ ಜಾಗ ಅದೊಂದೇ. ಬಾಗಿಲು ಮುಂದೆ ಮಾಡಿ, ಹೊರಗೆ ಕೇಳಿಸದಿರಲೆಂದು ನಲ್ಲಿ ತಿರುಗಿಸಿದಳು. "ನನ್ ಕಂದಾ, ನನ್ ಚಿನ್ನಾ, ಎಲ್ಲಿ ನೋವಾಯ್ತೋ? ಯಾರು ಬೀಳಿಸಿದ್ದು ನಮ್ ಗುಂಡಮ್ಮನ್ನ? ಈ ನೆಲಾನಾ? ತಾಳು, ಇದಕ್ಕೆ ಎರಡು ಕೊಡೋಣ!" ಎಂದು ನೆಲಕ್ಕೆ ಪಟಪಟ ಹೊಡೆದಳು. ಗುಂಡಮ್ಮನೂ ಹೊಡೆದಳು. ನಕ್ಕಳು. ಹೊರಡುವ ಮುಂಚೆ ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟಳು. "ಶ್! ಹೊರಗಡೆ ಗಪ್‌ಚಿಪ್, ಆಯ್ತಾ?"

ಮನೆಗೆ ಬಂದು ಮಗಳನ್ನು ಕೇಳಿದಳು: "ಬಿದ್ದ ಮಗೂಗೆ ಇಂಗ್ಲಿಷಲ್ಲಿ ಏನಂತಾರೆ?"

"ಯೂ ಆರ್ ಓಕೆ ಅಂತಾರೆ."

"ಓಕೆ ಇಲ್ದಿದ್ರೆ?"



ಬಿದ್ದ ದಿನದಿಂದ ಗುಂಡಮ್ಮನಿಗೆ ಅದೇ ಅಭ್ಯಾಸವಾಯಿತು. ಅಮ್ಮನ ನೆನಪಾದರೆ, ನಿದ್ದೆ ಬಾರದಿದ್ದರೆ, ಯಾರಾದರೂ ಗೊಂಬೆ ಕಿತ್ತುಕೊಂಡರೆ, ದೊಡ್ಡಮ್ಮನ ಸೆರಗು ಜಗ್ಗಿ "ವಾಶ್ ಹ್ಯಾಂಡ್ಸ್" ಅನ್ನುವುದು. ಒಳಗೆ ಹೋಗಿ ಎರಡು ಮಾತು ಕೇಳಿ, ಎದೆಗೊರಗಿಕೊಂಡು ಬಂದರೆ ಸಮಾಧಾನ. ದೊಡ್ಡಮ್ಮನಿಗೂ ಅದೇ ಬೇಕಾಗಿತ್ತು. ದಿನವಿಡೀ ಕಟ್ಟಿಹಾಕಿದ ಬಾಯಿ ಅಲ್ಲಿ ಬಿಚ್ಚಿಕೊಳ್ಳುತ್ತಿತ್ತು.

ಫೋನಿನಲ್ಲಿ ನೋಡುತ್ತಿದ್ದ ತಾಯಿಗೆ ಕಂಡದ್ದೇ ಬೇರೆ. ಮಗು ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುತ್ತಿದೆ. ಮನೆಯಲ್ಲೂ ಅಷ್ಟೇ, ಸ್ವಲ್ಪ ಗದರಿಸಿದರೆ ಅಲ್ಲಿಗೇ ಓಡುತ್ತದೆ, ಕೂರಿಸಿದರೆ ಏನೂ ಬರುವುದಿಲ್ಲ, ನಲ್ಲಿ ಹಿಡಿದುಕೊಂಡು ಅಳುತ್ತದೆ. ಗಾಬರಿಯಾಗಿ ಡಾಕ್ಟರ ಹತ್ತಿರ ಕರೆದೊಯ್ದಳು. ಮೂತ್ರ ಪರೀಕ್ಷೆಯಾಯಿತು, ಏನೂ ಸಿಗಲಿಲ್ಲ. ರಕ್ತ ತೆಗೆದರು. ಕಹಿ ಔಷಧಿ ಬಂತು. ಅದನ್ನು ಮಧ್ಯಾಹ್ನ ಕುಡಿಸುವ ಕೆಲಸ ದೊಡ್ಡಮ್ಮನ ಪಾಲಿಗೇ ಬರಬೇಕೇ! "ಟೇಕ್ ಯುವರ್ ಮೆಡಿಸಿನ್," ಎಂದಳು, ಒಂದು ತಪ್ಪಿಲ್ಲದೆ. ಮಗುವಿನ ಮೊಣಕೈ ಸಂದಿಯಲ್ಲಿ ಸೂಜಿ ಚುಚ್ಚಿದ ಕಡೆ ನೀಲಿಗಟ್ಟಿತ್ತು. ಆ ಸಂಜೆ ಮನೆಯಲ್ಲಿ ಬಚ್ಚಲಿನ ಗುಟ್ಟನ್ನೆಲ್ಲ ಮಗಳಿಗೆ ಹೇಳಿ, ಆ ತಾಯಿಗೆ ತಿಳಿಸಿಬಿಡಲೇ ಎಂದು ಕೇಳಿದಳು.

"ಬಾಯಿ ಮುಚ್ಕೊಂಡಿರಮ್ಮ," ಎಂದಳು ಮಗಳು. "ಏನೂ ಸಿಗದಿದ್ರೆ ಅವರೇ ಸುಮ್ನಾಗ್ತಾರೆ."

ದೊಡ್ಡಮ್ಮ ಬಾಯಿ ಮುಚ್ಚಿಕೊಂಡಳು. ಇನ್ನು ಕರೆದೊಯ್ಯಬಾರದು ಅಂದುಕೊಳ್ಳುವಳು, ಮಗು ಸೆರಗು ಹಿಡಿದು ನಿಂತರೆ ಕರಗಿಹೋಗುವಳು. ಆದರೆ ಅವರು ಸುಮ್ಮನಾಗಲಿಲ್ಲ. ಒಂದು ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಾಯಿ ಮೇಡಂಗೆ ಹೇಳುವುದು ಕಿವಿಗೆ ಬಿತ್ತು: ನಾಳೆ ಆಸ್ಪತ್ರೆಗೆ ಸೇರಿಸುತ್ತಾರಂತೆ, ಮಗುವಿಗೆ ಮತ್ತಿನ ಮದ್ದು ಕೊಟ್ಟು, ಮೂತ್ರದ ದಾರಿಯಲ್ಲಿ ನಳಿಗೆ ಹಾಕಿ ನೋಡುತ್ತಾರಂತೆ.

ದೊಡ್ಡಮ್ಮ ಬಾಗಿಲ ಪಡಸಾಲೆಯಲ್ಲೇ ಅವಳನ್ನು ತಡೆದಳು. ನೆತ್ತಿಯ ಮೇಲೆ ಕ್ಯಾಮೆರಾ ಇತ್ತು. "ಅಮ್ಮಾ, ಮಗೂಗೆ ಏನೂ ಆಗಿಲ್ಲ. ಇಂಗ್ಲಿಷಲ್ಲಿ ನನಗೆ ಇದನ್ನ ಹೇಳೋಕೆ ಬರಲ್ಲ," ಎಂದು ಶುರುಮಾಡಿ, ನಲ್ಲಿ ತಿರುಗಿಸಿದ್ದರಿಂದ ಹಿಡಿದು ಒಂದೂ ಬಿಡದೆ ಹೇಳಿದಳು.

ತಾಯಿ ಗೋಡೆ ಹಿಡಿದು ನಿಂತಳು. "ಸೂಜಿ ಚುಚ್ಚೋಕೆ ಮುಂಚೆ ಯಾಕ್ರೀ ಹೇಳ್ಲಿಲ್ಲ? ನಾಲ್ಕು ಜನ ಹಿಡ್ಕೊಂಡಿದ್ರು ನನ್ ಮಗೂನ!"

"ಕೆಲಸ ಹೋಗುತ್ತೆ ಅಂತ," ಎಂದಳು ದೊಡ್ಡಮ್ಮ. ಬೇರೆ ಏನು ಹೇಳಿಯಾಳು? ಇದ್ದದ್ದೇ ಅಷ್ಟು. ಹಿಂದಿನಿಂದ ಬಂದ ಮೇಡಂ, "ನಾಳೆಯಿಂದ ಬರ್ಬೇಡಿ," ಎಂದರು, ಮನೆಮಾತಿನಲ್ಲೇ.

ಅವಳು ಕೈಚೀಲ, ಕೊಡೆ ಎತ್ತಿಕೊಂಡು ಬರುವಷ್ಟರಲ್ಲಿ ಗುಂಡಮ್ಮ ಒಂದೇ ಕಾಲಿಗೆ ಶೂ ಹಾಕಿಕೊಂಡು ಓಡಿಬಂದಳು. ಹೋಗುವ ಕೆಲಸ ಹೋಗಿಯಾಗಿದೆ, ಇನ್ನು ಯಾರ ಭಯ? ದೊಡ್ಡಮ್ಮ ಕ್ಯಾಮೆರಾದ ಕೆಳಗೇ ಕುಕ್ಕರುಗಾಲಲ್ಲಿ ಕೂತು ಮಗುವನ್ನು ತಬ್ಬಿಕೊಂಡಳು. "ಬಾ ನನ್ ಕಂದಾ, ಬಾ ನನ್ ಗುಂಡಮ್ಮಾ," ಎಂದು ಗಂಟಲು ತೆರೆದು ಅತ್ತುಬಿಟ್ಟಳು.

ಮಗು ಹೆದರಿತು. ತಲೆಯೆತ್ತಿ ಕ್ಯಾಮೆರಾ ನೋಡಿತು. ಪುಟ್ಟ ಅಂಗೈಯನ್ನು ದೊಡ್ಡಮ್ಮನ ಬಾಯಿಯ ಮೇಲೆ ಒತ್ತಿ ಹಿಡಿದು "ಶ್!" ಎಂದಿತು. ಆಮೇಲೆ ಅವಳ ಸೆರಗು ಹಿಡಿದು, ತಾಯಿ ನೋಡುತ್ತಿದ್ದಂತೆಯೇ, ಬಚ್ಚಲಿನ ಕಡೆಗೆ ಎಳೆಯತೊಡಗಿತು. "ಮ್ಯಾಮ್, ಕಮ್. ವಾಶ್ ಯುವರ್ ಹ್ಯಾಂಡ್ಸ್."